ಭಾವನ ಗಾಜು, ಅಕ್ಕನ ರಾಕೆಟ್

ನನ್ನ ಭಾವನದು ಕನ್ನಡಕದ ಅಂಗಡಿ. ಗಿರಾಕಿಯ ಮೂಗಿನ ಮೇಲೆ ಭಾರದ ಚೌಕಟ್ಟು ಕೂರಿಸಿ, ಒಂದು ಗಾಜು ಹಾಕಿ, ತೆಗೆದು, ಇನ್ನೊಂದು ಹಾಕಿ, "ಇದು ಚೆನ್ನಾಗಿದೆಯಾ, ಅದು ಚೆನ್ನಾಗಿತ್ತಾ?" ಅಂತ ಕೇಳುವುದು ಅವರ ಕಸುಬು. ಅಷ್ಟಕ್ಕೇ ಬಿಟ್ಟಿದ್ದರೆ ನನ್ನದೇನೂ ತಕರಾರಿರಲಿಲ್ಲ. ಟೆನಿಸ್ ಚಾಂಪಿಯನ್ನರನ್ನೂ ಅವರು ಹಾಗೇ ಹಾಕಿ ತೆಗೆಯುತ್ತಿದ್ದರು. ಮರದ ರಾಕೆಟ್ಟಿನ ಕಾಲದವರು ದೊಡ್ಡವರೋ, ಈಗಿನವರೋ? ಗಿರಾಕಿ ಎದ್ದು ಓಡುವ ಹಾಗೂ ಇಲ್ಲ, ಪಾಪ, ಬಾಗಿಲೇ ಕಾಣಬೇಕಲ್ಲ.

ಪಕ್ಕದ ಚಪ್ಪಲಿ ಅಂಗಡಿಯವರು ಈಗಿನವರ ಪಕ್ಷ. "ಗೆದ್ದ ಕಪ್ಪು ಎಣಿಸಿ ಸ್ವಾಮಿ, ಮುಗೀತು."

"ಎಣಿಸೋಕೆ ಅದೇನು ನಿಮ್ಮ ಚಪ್ಪಲಿನಾ? ಈಗಿನವರ ಕೈಗೆ ಮರದ ರಾಕೆಟ್ ಕೊಡಿ. ಬಾಲು ನೆಟ್ ದಾಟಿದ್ರೆ ಅಂಗಡಿ ನಿಮ್ಮ ಹೆಸರಿಗೆ ಬರ್ಕೊಡ್ತೀನಿ!"

ಇಬ್ಬರೂ ಬಸ್ಸು ಹಿಡಿಯಲೂ ಓಡಿದವರಲ್ಲ. ನಾನೂ ಅಷ್ಟೆ, ಆದರೆ ನಾನು ಸುಮ್ಮನೆ ಅವರ ಟೀ ಕುಡಿಯುತ್ತೇನೆ.

ನಿಜವಾಗಿ ಆಡಿದವಳು ನಮ್ಮಕ್ಕ. ಮದುವೆಗೆ ಮುಂಚೆ ಕ್ಲಬ್ಬಿನ ಚಾಂಪಿಯನ್. ಅವಳ ಮರದ ರಾಕೆಟ್ ಡೊಂಕಾಗದ ಹಾಗೆ, ನಾಲ್ಕು ಮೂಲೆಗೂ ಸ್ಕ್ರೂ ಬಿಗಿದ ಮರದ ಪಟ್ಟಿಗಳ ನಡುವೆ ಬೀರುವಿನ ಮೇಲೆ ಮಲಗಿರುತ್ತಿತ್ತು. ಈ ಸಲ ಕ್ಲಬ್ಬಿನವರು ಹಳೆಯ ಚಾಂಪಿಯನ್ನರನ್ನೆಲ್ಲ ಭಾನುವಾರ ಒಂದೊಂದು ಗೇಮ್ ಆಡಲು ಕರೆದಿದ್ದರು. ಅಕ್ಕ ಒಲೆ ಮುಂದೆ ಸೌಟು ಹಿಡಿದೇ ಸರ್ವ್ ಅಭ್ಯಾಸ ಶುರುಮಾಡಿದಳು. ಗೋಡೆಗೆಲ್ಲ ಸಾರು. ಅವಳು ಅಷ್ಟು ನಕ್ಕಿದ್ದನ್ನು ನಾನು ವರ್ಷಗಳಿಂದ ನೋಡಿರಲಿಲ್ಲ.

ಅವಳು ಮನೆಯಲ್ಲಿಲ್ಲದಾಗ ಭಾವ ಸ್ಕ್ರೂ ಬಿಚ್ಚಿ ರಾಕೆಟ್ಟನ್ನು ಅಂಗಡಿಗೆ ಒಯ್ದರು, ವಾದಕ್ಕೆ ಸಾಕ್ಷಿಯಾಗಿ.

ಚಪ್ಪಲಿಯವರು ತಂತಿ ಮೀಟಿ ನೋಡಿದರು. "ಇಷ್ಟು ಸಡಿಲ ಇದ್ರೆ ಹೋಲಿಕೆ ಹೆಂಗ್ರೀ?"

"ನ್ಯಾಯ ಅಂದ್ರೆ ನ್ಯಾಯ. ತಂತಿ ಈಗಿನವರಷ್ಟೇ ಬಿಗಿ ಕಟ್ಟಿಸ್ತೀನಿ," ಅಂದರು ಭಾವ. ಕಟ್ಟಿಸಿಯೂ ಬಿಟ್ಟರು. ಆ ಬಿಗಿಯನ್ನು ಹಳೆ ಮರ ಎಲ್ಲಿ ತಡೆದೀತು? ಶನಿವಾರದ ಹೊತ್ತಿಗೆ ಬಿಸಿನೀರಿಗೆ ಬಿದ್ದ ಪ್ಲಾಸ್ಟಿಕ್ ಚಮಚದ ಹಾಗೆ ತಿರುಚಿಕೊಂಡು, ಕುತ್ತಿಗೆಯಲ್ಲಿ ಬಿರುಕು ಬಿಟ್ಟಿತ್ತು.

ಸಂಜೆ ಭಾವ ವಾಪಸ್ ತಂದ ಅದನ್ನು ಅಕ್ಕ ಊಟದ ಮೇಜಿನ ಮೇಲಿಟ್ಟಳು. ಅದು ನೆಟ್ಟಗೆ ಕೂರಲಿಲ್ಲ.

"ಬೇರೆ ತಂದರಾಯ್ತು ಬಿಡೇ," ಅಂದರು ಭಾವ, ಬಾಯಿ ತುಂಬ ಅನ್ನ.

"ನನ್ನ ಕೈ ಕೂತಿದ್ದು ಇದರಲ್ಲಿ ರೀ." ಆಮೇಲೆ ನನ್ನ ಕಡೆ ತಿರುಗಿ, "ನಾಳೆ ಬರಲ್ಲ ಅಂತ ಕ್ಲಬ್ಬಿಗೆ ಹೇಳ್ಬಿಡೋ. ಜ್ವರ ಅನ್ನು."

ಭಾವ ಇನ್ನೂ ಉಣ್ಣುತ್ತಲೇ ಇದ್ದರು. ಅಕ್ಕ ರಾಕೆಟ್ಟನ್ನು ಅವರ ಮೂಗಿನ ಹತ್ತಿರ ಹಿಡಿದು ಕೇಳಿದಳು:

"ಇದು ಚೆನ್ನಾಗಿದೆಯಾ ರೀ, ಅದು ಚೆನ್ನಾಗಿತ್ತಾ?"

ಭಾವನ ಮುಖ ಅರಳಿತು. "ಅದೇ ಕಣೇ! ಹಳೇದೇ ಚೆನ್ನಾಗಿತ್ತು! ಇದನ್ನೇ ನಾನು ಬಡ್ಕೋತಿರೋದು. ನಾಳೆ ಹೆಂಗೂ ಬಿಡುವಾಗಿರ್ತೀಯಲ್ಲ, ಅಂಗಡಿಗೆ ಬಂದು ಆ ಚಪ್ಪಲಿಯವನಿಗೆ ನೀನೇ ಹೇಳು!"

ನಾನು ಬಾಯಲ್ಲಿದ್ದ ತುತ್ತು ನುಂಗದೆ ಎದ್ದೆ. ಹೋಗಿ ಅದನ್ನು ಬಚ್ಚಲಿಗೆ ಉಗಿದು ಬಂದೆ.