ಸುಮ್ಮನಿರಲು ಒಪ್ಪದ ಅಣ್ಣ

ಸಿನಿಮಾದಲ್ಲಿ ಪಾತ್ರ ಮಾಡಲು ನನಗೆ ಕರೆ ಬಂದದ್ದು ಅರುವತ್ತೆಂಟನೆಯ ವಯಸ್ಸಿನಲ್ಲಿ. ಆ ವಯಸ್ಸಿನಲ್ಲಿ ಬರುವ ಕರೆಗಳು ಸಾಮಾನ್ಯವಾಗಿ ಮೇಲಿನಿಂದ ಬರುವಂಥವು. ಇದು ಕಾಪುವಿನಿಂದ ಬಂದದ್ದರಿಂದ ನೆಮ್ಮದಿಯಾಗಿ ಒಪ್ಪಿಕೊಂಡೆ.

ನಾನು ಕಾರ್ಕಳದ ಹೈಸ್ಕೂಲೊಂದರಲ್ಲಿ ಸಮಾಜ ಪಾಠ ಮಾಡಿ ನಿವೃತ್ತನಾದವನು. ಅದು ಹೊಟ್ಟೆಪಾಡು. ನನ್ನ ನಿಜವಾದ ಉದ್ಯೋಗ ತಾಳಮದ್ದಳೆಯಲ್ಲಿ ಅರ್ಥ ಹೇಳುವುದು. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಪಂಚೆ ಉಟ್ಟು ಶಾಲು ಹೊದ್ದು ಎದುರುಬದುರು ಕುಳಿತು, ಭಾಗವತರ ಪದ್ಯ ಮುಗಿದ ಕೂಡಲೇ ಪುರಾಣದ ಪಾತ್ರವಾಗಿ ಮಾತು ಕಟ್ಟಿ ವಾದಿಸಬೇಕು. ಬರೆದಿಟ್ಟ ಸಂಭಾಷಣೆ ಇಲ್ಲ. ಇರುವ ಕಾನೂನು ಒಂದೇ: ಎದುರಿನವನು ಪ್ರಶ್ನೆ ಹಾಕಿದರೆ ಉತ್ತರ ಕೊಡಬೇಕು. ಕೊಡದವನು ಸೋತ. ನಲವತ್ತು ವರ್ಷಗಳಲ್ಲಿ ನಾನು ಕೆಟ್ಟ ಉತ್ತರ ಕೊಟ್ಟದ್ದುಂಟು, ಸಂಬಂಧವಿಲ್ಲದ ಉತ್ತರ ಕೊಟ್ಟದ್ದುಂಟು. ಉತ್ತರ ಕೊಡದೆ ಕುಳಿತದ್ದಿಲ್ಲ.

ನಿರ್ದೇಶಕಿ ಕಾಪುವಿನ ಹುಡುಗಿ, ಕೊಂಕಣಿ ಮಾತಾಡುವ ಮನೆಯವಳು, ಮಣಿಪಾಲದಲ್ಲಿ ಸಿನಿಮಾ ಕಲಿತವಳು. ಉಡುಪಿಯ ಬಸ್‌ಸ್ಟ್ಯಾಂಡಿನಲ್ಲಿ ನಾನು ಕಂಡಕ್ಟರನೊಬ್ಬನ ಜೊತೆ ನ್ಯಾಯ ಮಾತಾಡುತ್ತಿದ್ದಾಗ ನನ್ನನ್ನು ಆರಿಸಿದಳಂತೆ. "ಸರ್, ನಿಮ್ಮ ಮುಖ ತುಂಬಾ ಚೆನ್ನಾಗಿ ಉಂಟು" ಎಂದಳು. ಮಾತಿನ ಬಗ್ಗೆ ಚಕಾರವೆತ್ತಲಿಲ್ಲ. ನನಗೆ ಆಗಲೇ ಅನುಮಾನ ಬರಬೇಕಿತ್ತು.

ಕಥೆ ಸರಳವಾದದ್ದು. ತಾಯಿ ಬಿಟ್ಟುಹೋದ ಬಾವಿಕಟ್ಟೆಯ ಜಾಗವನ್ನು ಅಣ್ಣ ತಂಗಿಗೆ ತಿಳಿಸದೆ ಮಾರಿದ್ದಾನೆ. ತಂಗಿ ಬಂದು ಕೇಳುತ್ತಾಳೆ: "ಅಣ್ಣ, ನನ್ನನ್ನು ಒಂದು ಮಾತು ಕೇಳಬೇಕು ಅಂತ ನಿನಗೆ ಅನ್ನಿಸಲೇ ಇಲ್ವಾ?" ಅಣ್ಣ ನಾನು. ತಂಗಿ, ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದುಕೊಂಡು ತುಳು ನಾಟಕಗಳಲ್ಲಿ ಪಾತ್ರ ಮಾಡುವ ಹೆಂಗಸು. ಚಿತ್ರೀಕರಣ ನಿರ್ದೇಶಕಿಯ ಚಿಕ್ಕಮ್ಮನ ಮನೆಯಲ್ಲಿ. ಮನೆಯವರು ಮೂರನೆಯ ದಿನ ದುಬೈಯಿಂದ ಬರುವವರಿದ್ದರು. ಕಥೆಯ ಮನೆಗೆ ಹೊಂದದ ಗೋಡೆಯ ಶಿಲುಬೆಯನ್ನು ಕ್ಷಮೆ ಕೇಳಿ ಒಳಗಿಟ್ಟದ್ದೂ ಎರಡು ದಿನದ ಮಟ್ಟಿಗೇ.

ಮೊದಲ ದಿನ ಬೆಳಿಗ್ಗೆ ನನ್ನ ಕೈಗೆ ಬಂದ ಹಾಳೆಯಲ್ಲಿ ತಂಗಿಯ ಪ್ರಶ್ನೆಯ ಕೆಳಗೆ ಒಂದೇ ಸಾಲು ಇತ್ತು. 'ಅಣ್ಣ ಸುಮ್ಮನಿರುತ್ತಾನೆ.'

ಕ್ಯಾಮೆರಾ ಚಾಲೂ ಆಯಿತು. ತಂಗಿ ಕೇಳಿದಳು. ನಾನು ಹೇಳಿದೆ: "ಕೇಳಬೇಕಿತ್ತು, ತಂಗಿ. ಆದರೆ ಕೇಳುವುದು ಯಾರನ್ನು? ಏಳು ವರ್ಷ ಈ ಹೊಸ್ತಿಲು ತುಳಿಯದವಳನ್ನೋ?"

"ಕಟ್! ಸರ್, ಅಲ್ಲಿ ಮಾತಿಲ್ಲ."

"ಗೊತ್ತುಂಟು. ಬಾಯಿಗೆ ಬಂತು."

ಎರಡನೆಯ ಸಲ ಇನ್ನೂ ಒಳ್ಳೆಯದು ಬಂತು. ಮೂರನೆಯ ಸಲ ಧರ್ಮಸೂಕ್ಷ್ಮವೂ ಸೇರಿತು. ಆರನೆಯ ಸಲ ಹಲ್ಲು ಕಚ್ಚಿ ಹಿಡಿದೆ. ಉತ್ತರ ಮೂಗಿನಿಂದ ಹೊರಟಿತು.

"ಮಾಸ್ಟ್ರೆ," ಎಂದಳು ತಂಗಿ, "ನನಗೆ ನಾಳೆ ಮಧ್ಯಾಹ್ನ ಡ್ಯೂಟಿ ಉಂಟು. ಸ್ವಲ್ಪ ಬೇಗ ಸೋಲಿ ಮಾರಾಯ್ರೆ."

ಸೋಲಿ! ನನ್ನ ಪಿತ್ತ ನೆತ್ತಿಗೇರಿತು. ನಿರ್ದೇಶಕಿಯನ್ನು ಕರೆದು ಹೇಳಿದೆ: "ನೋಡು ಮಾರಾಯ್ತಿ, ಈ ಅಣ್ಣ ಕಳ್ಳನಲ್ಲ. ಅವನಿಗೆ ಕಾರಣ ಉಂಟು. ಕಾರಣ ಇದ್ದವನು ಸುಮ್ಮನೆ ಕೂತ್ಕೊಳ್ಳುವುದು ಎಂತಕ್ಕೆ?"

"ಕಾರಣ ಇದ್ದೂ ಹೇಳದವನು ಅಂತಲೇ ನಾನು ಬರೆದದ್ದು ಸರ್."

"ತಪ್ಪು ಬರೆದಿದ್ದಿ."

ಅವಳು ಸಣ್ಣ ದನಿಯಲ್ಲಿ, "ನಾಳೆ ಹತ್ತು ಗಂಟೆಯೊಳಗೆ ಇದು ಆಗದಿದ್ದರೆ ನಾನು ಬೇರೆಯವರನ್ನು ಹಾಕಬೇಕಾಗ್ತದೆ. ಉಡುಪಿಯವರೊಬ್ಬರಿಗೆ ಹೇಳಿಯಾಗಿದೆ" ಎಂದಳು.

ಉಡುಪಿಯವರು ಯಾರೆಂದು ನನಗೆ ಗೊತ್ತಿತ್ತು. ಹಿಂದೊಮ್ಮೆ ನಾಟಕದಲ್ಲಿ ಹೆಣದ ಪಾತ್ರ ಮಾಡಿ ಬಹುಮಾನ ಗೆದ್ದ ಕಲಾವಿದರು. ಅಂಥವರಿಗೆ ನನ್ನ ಅಣ್ಣನನ್ನು ಬಿಟ್ಟುಕೊಡುವುದೆಂದರೇನು? ಅಲ್ಲಿಯವರೆಗೆ ನನಗೆ ಆ ಪಾತ್ರದ ಮೇಲೆ ಇಷ್ಟು ಆಸೆಯಿದೆಯೆಂದು ಗೊತ್ತಿರಲಿಲ್ಲ. ಆದರೂ ನಾನು ಸೋಲುವವನ ಹಾಗೆ ಕುಳಿತುಕೊಳ್ಳಲು ಹುಟ್ಟಿದವನಲ್ಲ. ಎರಡೂ ಒಟ್ಟಿಗೆ ನಿಜವಾಗಿದ್ದವು, ಅದೇ ಕಷ್ಟ.

ಆ ಸಂಜೆ ಉಡುಪಿಯ ಕಡಿಯಾಳಿಯಲ್ಲಿ ನನ್ನ ತಾಳಮದ್ದಳೆಯಿತ್ತು. ನನ್ನದು ತಪ್ಪು ಮಾಡಿಯೂ ತಗ್ಗದ ಒಬ್ಬ ರಾಜನ ಪಾತ್ರ. ಅಂದಿನ ಮನಃಸ್ಥಿತಿಗೆ ಹೇಳಿ ಮಾಡಿಸಿದಂತಿತ್ತು. ಎದುರಿನವರು ಒಂದೊಂದು ಪ್ರಶ್ನೆಗೆ ಹತ್ತು ನಿಮಿಷ ತೆಗೆದುಕೊಂಡರು, ನಾನು ಹದಿನೈದು. ಅರ್ಧ ಕಳೆದ ಮೇಲೆ ಗಮನಿಸುತ್ತೇನೆ, ಹಿಂದಿನ ಸಾಲಿನಲ್ಲಿ ನಿರ್ದೇಶಕಿ ಕುಳಿತಿದ್ದಾಳೆ. ಮೊದಲ ಸಲ ತಾಳಮದ್ದಳೆ ನೋಡುತ್ತಿದ್ದವಳು ಮಾತನಾಡುವವರ ಕಡೆ ನೋಡಬೇಕಲ್ಲ? ಎದುರಿನವರು ಮಾತನಾಡುವಾಗಲೂ ಅವಳು ನನ್ನನ್ನೇ ನೋಡುತ್ತಿದ್ದಳು.

ಮರುದಿನ ಎಂಟೂವರೆಗೆ ನಾನು ಕಾಪುವಿನ ಬಸ್ಸಿನಿಂದ ಇಳಿದು ಹೋದಾಗ ಉಡುಪಿಯ ಕಲಾವಿದರು ಆಗಲೇ ಚಾವಡಿಯಲ್ಲಿದ್ದರು. ಮನೆಯಿಂದಲೇ ಬಿಳಿ ಅಂಗಿ ಹಾಕಿಕೊಂಡು ಬಂದು, ಯಾರೂ ಹೇಳದಿದ್ದರೂ ಅಭ್ಯಾಸಕ್ಕಾಗಿ ಸುಮ್ಮನೆ ಕುಳಿತಿದ್ದರು. ಒಪ್ಪಬೇಕು, ಚೆನ್ನಾಗಿಯೇ ಕುಳಿತಿದ್ದರು.

ನಿರ್ದೇಶಕಿ ನನ್ನನ್ನು ಬಾವಿಯ ಹತ್ತಿರ ಕರೆದಳು.

"ಸರ್, ನಿನ್ನೆ ಎದುರಿನವರು ಮಾತಾಡುವಾಗ ನೀವು ಎಂತ ಮಾಡ್ತಾ ಇದ್ರಿ?"

"ಉತ್ತರ ಕಟ್ತಾ ಇದ್ದೆ. ಮತ್ತೆಂತ ಮಾಡುವುದು?"

"ನನಗೆ ಅದೇ ಬೇಕು. ಸುಮ್ಮನಿರಿ ಅಂತ ನಾನು ಹೇಳಿದ್ದೇ ತಪ್ಪು. ಇವತ್ತು ಉತ್ತರ ಪೂರ್ತಿ ಕಟ್ಟಿ. ಹೇಳಲಿಕ್ಕೇ ಹೊರಡಿ. ಬಾಯಿ ತೆರೆಯುವ ಮೊದಲು ನಾನು ಕಟ್ ಹೇಳ್ತೇನೆ."

"ನಾನು ಬಾಯಿ ತೆರೆಯುವುದು ನಿನಗೆ ಹೇಗೆ ಗೊತ್ತಾಗ್ತದೆ?"

"ಮಾತಿಗೆ ಮೊದಲು ನೀವು ಎಡಗೈಯಲ್ಲಿ ಶಾಲು ಸರಿ ಮಾಡ್ತೀರಿ. ನಿನ್ನೆ ಪ್ರತಿ ಸಲ ಮಾಡಿದ್ರಿ. ಇಲ್ಲಿ ಶಾಲಿನ ಬದಲು ಹೆಗಲಿಗೆ ಒಂದು ಬೈರಾಸ, ಮೈ ಒರೆಸುವ ವಸ್ತ್ರ, ಹಾಕ್ತೇನೆ. ಕೈ ಬೈರಾಸ ಮುಟ್ಟಿದ ಕೂಡಲೇ ಕಟ್."

ನಲವತ್ತು ವರ್ಷ ನನ್ನ ಎದುರು ಕುಳಿತ ಘಟಾನುಘಟಿಗಳು ಒಬ್ಬರೂ ಇದನ್ನು ಕಂಡಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಸಿಟ್ಟು ಬಂತು. ಸಂತೋಷವಾಯಿತೆಂದು ಒಪ್ಪಿಕೊಳ್ಳಲು ಇಷ್ಟವಿಲ್ಲದಿದ್ದಾಗ ನನಗೆ ಸಿಟ್ಟು ಬರುವುದು ಕ್ರಮ.

"ಒಂದು ಷರತ್ತು," ಎಂದೆ. "ಕಟ್ಟಿದ ಉತ್ತರವನ್ನು ನುಂಗುವುದು ನನ್ನಿಂದಾಗದು. ಕಟ್ ಆದ ಮೇಲೆ ನಾನು ಪೂರ್ತಿ ಹೇಳ್ತೇನೆ. ಕ್ಯಾಮೆರಾ ಬೇಡ. ಆದರೆ ನೀವೆಲ್ಲರೂ ಕೂತು ಕೇಳಬೇಕು. ಎದ್ದು ಹೋಗುವ ಹಾಗಿಲ್ಲ."

ಅವಳು ಗಡಿಯಾರ ನೋಡಿದಳು. "ಎಷ್ಟು ಹೊತ್ತು?"

"ಪ್ರಶ್ನೆ ನಿನ್ನದು. ನನ್ನನ್ನು ಕೇಳಿದರೆ?"

"ಆಯ್ತು ಸರ್."

ತಂಗಿ ಬಂದು ಪ್ರಶ್ನೆ ಕೇಳಿದಳು. ನಾನು ಅವಳ ಮುಖ ನೋಡಿದೆ. ಉತ್ತರದ ಮೊದಲ ವಾಕ್ಯ ಸಿದ್ಧವಾಯಿತು, ಸರಿಯಾಗಲಿಲ್ಲ, ಬಿಟ್ಟೆ. ಎರಡನೆಯದು ಚುಚ್ಚುವಂತಿತ್ತು, ತಂಗಿಗೆ ಅದನ್ನು ಹೇಳುವುದು ಬೇಡವೆಂದು ನನಗನ್ನಿಸಿತು. ಮೂರನೆಯದು ಬಂತು, ಅದರ ಹಿಂದೆ ಉಳಿದದ್ದೆಲ್ಲ ಸಾಲಾಗಿ ಬಂದು ನಿಂತಿತು. ಉಸಿರೆಳೆದುಕೊಂಡೆ. ಎಡಗೈ ಹೆಗಲಿಗೆ ಹೋಯಿತು.

"ಕಟ್."

ಒಂದು ಅಕ್ಷರವೂ ಹೊರಗೆ ಬಿದ್ದಿರಲಿಲ್ಲ. ಯಾರಾದರೂ ಏನಾದರೂ ಹೇಳುವ ಮೊದಲೇ ನಾನು ಶುರು ಮಾಡಿದೆ. ಹನ್ನೊಂದು ನಿಮಿಷ. ಬಾವಿಯ ನೀರು ಉಪ್ಪಾದಲ್ಲಿಂದ ಹಿಡಿದು ತಾಯಿಯ ಕೊನೆಯ ಮಾತಿನವರೆಗೆ ಒಂದನ್ನೂ ಬಿಡಲಿಲ್ಲ. ನಿರ್ದೇಶಕಿ ನೆಲದ ಮೇಲೆ ಕುಳಿತು ಕೇಳಿದಳು. ಕ್ಯಾಮೆರಾದವರು ಕೇಳಿದರು. ಚಾವಡಿಯಿಂದ ಉಡುಪಿಯ ಕಲಾವಿದರೂ ಬಾಗಿಲಿಗೆ ಬಂದು ನಿಂತರು.

ಮುಗಿದ ಮೇಲೆ ತಂಗಿ ಸೊಂಟಕ್ಕೆ ಕೈಯಿಟ್ಟು, "ಇದೆಲ್ಲ ಸರಿ ಅಣ್ಣ. ಆದ್ರೂ ಒಂದು ಫೋನ್ ಮಾಡ್ಲಿಕ್ಕೆ ನಿನಗೆಂತ ಧಾಡಿ?" ಎಂದಳು.

ಅದಕ್ಕೂ ಉತ್ತರ ಕೊಟ್ಟೆ.

ನಿರ್ದೇಶಕಿ ಎದ್ದು ಸೀರೆಯ ಧೂಳು ಕೊಡವಿದಳು. "ತುಂಬಾ ಚೆನ್ನಾಗಿತ್ತು ಸರ್. ಇಷ್ಟು ಹೇಳಿಬಿಟ್ಟರೆ ನೋಡುವವರೆಲ್ಲ ನಿಮ್ಮ ಕಡೆ ಆಗಿಬಿಡ್ತಾರೆ. ಅದಕ್ಕೇ ಬೇಡ ಅಂದದ್ದು."

"ನಾನು ಈಗಲೂ ಒಪ್ಪುವುದಿಲ್ಲ."

"ನಾನೂ ಇಲ್ಲ."

ಉಡುಪಿಯ ಕಲಾವಿದರಿಗೆ ತಿಂಡಿ ತಿಂದುಕೊಂಡು ಹೋಗಲು ಹೇಳಿದಳು. ಪಾತ್ರ ನನಗೆ ಉಳಿಯಿತು. ಅಷ್ಟರಲ್ಲಿ ಧ್ವನಿ ನೋಡುವವರು ಹೆಡ್‌ಫೋನ್ ಕಳಚಿ, ಹೆದ್ದಾರಿಯ ಬಸ್ಸಿನ ಹಾರ್ನ್ ತಂಗಿಯ ಪ್ರಶ್ನೆಯ ಮೇಲೆಯೇ ಬಿದ್ದಿದೆ, ಇನ್ನೊಂದು ಟೇಕ್ ಬೇಕು ಎಂದರು.

"ಇನ್ನೊಂದು ಟೇಕ್ ಅಂದರೆ ಇನ್ನೊಂದು ಉತ್ತರ," ಎಂದೆ.

"ಅಯ್ಯೋ ದೇವರೇ, ನನ್ನ ಡ್ಯೂಟಿ," ಎಂದಳು ತಂಗಿ.

ನಿರ್ದೇಶಕಿ ನನ್ನನ್ನು ನೋಡಿದಳು, ಗಡಿಯಾರ ನೋಡಿದಳು, ಕುರ್ಚಿಯೊಂದನ್ನು ಎಳೆದು ಕುಳಿತಳು. "ಈ ಸಲ ಸ್ವಲ್ಪ ಚಿಕ್ಕದು ಮಾಡ್ತೀರಾ ಸರ್?"

ಎರಡನೆಯ ಉತ್ತರ ಮೊದಲಿನದಕ್ಕಿಂತ ನಾಲ್ಕು ನಿಮಿಷ ಹೆಚ್ಚೇ ಆಯಿತು. ಬೇಕೆಂದೇ ಮಾಡಿದ್ದು.