ಸ್ಪೂನ್ ಗಾಳಕ್ಕೆ ಮೀನು ಬಿದ್ದ ಸಂಜೆ

ಇದು ನಡೆದದ್ದು ನಿಜ. ಇದರಲ್ಲಿ ಅರ್ಧವನ್ನು ಇಲ್ಲಿಯ ಪೊಲೀಸರು ಬರೆದುಕೊಂಡಿದ್ದಾರೆ, ಕೆಳಗೆ ನನ್ನ ಸಹಿಯೂ ಇದೆ. ಉಳಿದ ಅರ್ಧವನ್ನು ನಾನು ಅವರಿಗೆ ಹೇಳಲಿಲ್ಲ... ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಬರವಣಿಗೆಯಲ್ಲಿ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ. ಮಾಡಿದ್ದರಲ್ಲಿರುವ ತಪ್ಪಿಗೆ ಕ್ಷಮೆ ಕೇಳುತ್ತಿಲ್ಲ.

ರಾಟರ್‌ಡ್ಯಾಮಿನ ಒಂದು ಹೋಟೆಲಿನಲ್ಲಿ ನಾನು ಅಡುಗೆಯವನು. ತಮ್ಮ ಪರಶು ಪಕ್ಕದ ಕಾಪೆಲ್ಲೆ ಎಂಬ ಊರಿನಲ್ಲಿ ಇಂಜಿನಿಯರ್. ನಾವು ಅಂಬಿಗರು, ಬಾಗಲಕೋಟೆ ಕಡೆ ಕೃಷ್ಣೆಯ ದಂಡೆಯವರು. ನಾನು ಅಪ್ಪನ ದೋಣಿಯಲ್ಲೇ ಬೆಳೆದೆ. ಪರಶು ಸಣ್ಣ ವಯಸ್ಸಿಗೇ ಹಾಸ್ಟೆಲ್ ಸೇರಿದ. ಅವನಿಗೆ ಈಜು ಅಷ್ಟಕ್ಕಷ್ಟೆ.

ಈ ದೇಶದಲ್ಲಿ ಅವನೇ ನನಗೆ ಅಣ್ಣನಂತಿದ್ದ. ನನ್ನ ಅರ್ಜಿಗಳನ್ನು ಅವನೇ ತುಂಬುತ್ತಿದ್ದ, ಡಾಕ್ಟರ ಹತ್ತಿರ ನನ್ನ ಹೊಟ್ಟೆನೋವನ್ನು ಡಚ್ಚಿನಲ್ಲಿ ಅವನೇ ಹೇಳುತ್ತಿದ್ದ. ನೀರಿಗಿಳಿದಾಗ ಮಾತ್ರ ನಾನು ದೊಡ್ಡವನು. ಅದಕ್ಕೇ ಶನಿವಾರ ಬಂತೆಂದರೆ ಬಾಡಿಗೆ ದೋಣಿ ತೆಗೆದುಕೊಂಡು ಅವನನ್ನು ಐಸೆಲ್ ನದಿಗೆ ಎಳೆದೊಯ್ಯುತ್ತಿದ್ದೆ.

ಅಲ್ಲಿ ಸ್ನೂಕ್‌ಬಾರ್ಸ್ ಎಂಬ ಮೀನಿದೆ. ಕತ್ತಲಾಗುವ ಹೊತ್ತಿಗೆ ಬೇಟೆಗೆ ಏಳುತ್ತದೆ. ಅದನ್ನು ಹಿಡಿಯಲು ಬಲೆ ಬೇಡ. ಚಮಚೆಯ ಬಟ್ಟಲಿನಂಥ ಹಿತ್ತಾಳೆಯ ತಗಡು, ತುದಿಗೆ ಮೂರು ಮುಳ್ಳಿನ ಕೊಕ್ಕೆ. ಅದಕ್ಕೆ ಸ್ಪೂನ್ ಎನ್ನುತ್ತಾರೆ. ದಾರಕ್ಕೆ ಕಟ್ಟಿ ನೀರಿಗೆ ಬಿಟ್ಟು ದೋಣಿಯನ್ನು ನಡಿಗೆಯ ವೇಗದಲ್ಲಿ ಓಡಿಸಬೇಕು. ಹಿಂದೆ ಎಲ್ಲೋ ನೀರಿನಡಿಯಲ್ಲಿ ತಗಡು ಗಾಯಗೊಂಡ ಮರಿಮೀನಿನಂತೆ ಹೊರಳುತ್ತ ಬರುತ್ತದೆ. ನೆನಪಿಡಬೇಕಾದ್ದು ಒಂದೇ. ಮೀನು ಕಚ್ಚಿದಾಗ ದೋಣಿ ನಿಲ್ಲಿಸಬಾರದು. ನಿಲ್ಲಿಸಿದರೆ ದಾರ ಸಡಿಲಾಗಿ ಮೀನು ಕೊಕ್ಕೆ ಉಗುಳಿ ಹೋಗುತ್ತದೆ.

ಅದು ನವೆಂಬರ್. ಸಂಜೆ ಐದೂವರೆಗೇ ಕತ್ತಲು. ನಾನು ಹಿಂದುಗಡೆ ಇಂಜಿನ್ನಿನ ಹಿಡಿಯ ಹತ್ತಿರ, ಪರಶು ಮುಂದುಗಡೆ ನನಗೆ ಬೆನ್ನು ಮಾಡಿ ಕೂತಿದ್ದ. ಕರಿಯ ಮಳೆಕೋಟು, ಅದರ ಮೇಲೆ ಕೇಸರಿ ಬಣ್ಣದ ಲೈಫ್ ಜಾಕೆಟ್.

"ಅಂಬಿಗರ ಮಗಾ ಇದ್ದಿ, ಎದಿಗೆ ತಲಿದಿಂಬ ಕಟಗೊಂಡು ಕುಂತಿಯಲ್ಲೋ," ಎಂದೆ. "ಅಪ್ಪ ನೋಡಿದ್ರ ನಗತಿದ್ದ."

"ನೀರು ಎಷ್ಟ ತಣ್ಣಗ ಐತಿ ಗೊತ್ತೈತೇನು ನಿನಗ?"

"ಹಂಗಾದ್ರ ಮನಿಯಾಗ ಕುಂತು ಟೀವಿ ನೋಡಬೇಕಿತ್ತು."

ಅವನು ಜಾಕೆಟ್ ಬಿಚ್ಚಿ ನನ್ನ ಕಾಲಬುಡಕ್ಕೆ ಎಸೆದ. "ತಗೋ, ಹಾಸಿಕೊಂಡು ಕುಂದರು. ನಾಕ ಶನಿವಾರ ಆತು ಅಣ್ಣಾ, ಒಂದ ಮೀನರ ಹಿಡದಿಯೇನು? ಆ ಸೌಟು ಎಳಕೊಂಡು ಹೊಳಿ ತುಂಬ ತಿರಗತಿ. ಹೊಳಿಗೆ ಒಗ್ಗರಣಿ ಹಾಕಾಕತ್ತಿಯೇನು?"

ಅವನು ನಕ್ಕ. ನಾನು ನಗಲಿಲ್ಲ. ಜಾಕೆಟನ್ನು ಕಾಲಿನಿಂದ ಆಚೆ ಸರಿಸಿದೆ.

ಒಂದು ಸರಕಿನ ಹಡಗು ನಮ್ಮನ್ನು ದಾಟಿ ಹೋಯಿತು. ಡೀಸೆಲ್ಲಿನ ವಾಸನೆ. ಅದರ ತೆರೆಗಳಿಗೆ ದೋಣಿ ಎದ್ದು ಬಿದ್ದು ಓಲಾಡಿತು. ನಾನು ತಲೆದೀಪ ಹಚ್ಚಿಕೊಂಡು, ತಲೆ ಬಗ್ಗಿಸಿ, ಎರಡನೆಯ ಗಾಳಕ್ಕೆ ಬೇರೆ ಸ್ಪೂನ್ ಕಟ್ಟುತ್ತಿದ್ದೆ. ದೋಣಿ ಒಮ್ಮೆ ಜೋರಾಗಿ ವಾಲಿತು... ತೆರೆ ಅಂದುಕೊಂಡೆ. ತಲೆ ಎತ್ತಲಿಲ್ಲ.

ಆಮೇಲೆ ಹಿಂದಿನಿಂದ ದನಿ ಬಂತು.

"ಅಣ್ಣಾ..."

ತಲೆ ಎತ್ತಿ ಮುಂದೆ ನೋಡಿದೆ. ಪರಶು ಕೂತಿದ್ದ. ಕರಿಯ ಕೋಟು, ತಲೆಯ ಮೇಲೆ ಕೋಟಿನದೇ ಟೋಪಿ, ನನ್ನ ಕಡೆ ಬೆನ್ನು.

ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇದೆ. ಅಪ್ಪ ದೋಣಿ ನೂಕುವ ಮೊದಲು ದಿನಾ ಹೇಳುತ್ತಿದ್ದ: "ದೀಪ ಹಚ್ಚಿದ ಮ್ಯಾಲೆ ನೀರಿನ್ಯಾಗ ಹಿಂದಿಂದ ಯಾರರ ಕರದ್ರ ಹೊಳ್ಳಿ ನೋಡಬ್ಯಾಡ್ರಿ. ಓ ಅನಬ್ಯಾಡ್ರಿ. ಮನಷ್ಯಾ ಆದ್ರ ಮುಂದ ಬಂದು ಮಾತಾಡತಾನ." ಆ ಮಾತು ಮೀರಿದ ಅಂಬಿಗರನ್ನು ನಾನು ನೋಡಿಲ್ಲ.

"ಪರಶು, ನೀ ಕರದ್ಯೇನೋ?" ಮೆಲ್ಲಗೆ ಕೇಳಿದೆ.

"ಊಂಹೂಂ."

ಟೋಪಿಯೊಳಗಿನಿಂದ ಬಂದ ಒಣ ದನಿ. ತಿರುಗಲಿಲ್ಲ. ನನ್ನ ಮೇಲೆ ಸಿಟ್ಟಿನಲ್ಲಿದ್ದಾನೆ ಅಂದುಕೊಂಡೆ. ಆಗಲೇ ಕೊಳೆತ ಕೆಸರಿನ ವಾಸನೆ ಮೂಗಿಗೆ ಬಡಿಯಿತು. ಸಮುದ್ರದ ಇಳಿತಕ್ಕೆ ನದಿಯ ನೀರು ತಗ್ಗಿದಾಗ ದಂಡೆಯಿಂದ ಬರುವ ವಾಸನೆ ಅದು. ಆದರೆ ನಾವು ನದಿಯ ನಡುವೆ ಇದ್ದೆವು.

"ಅಣ್ಣಾ, ನಿಲ್ಸೋ..."

ದನಿ ಈಗ ದೂರವಾಗಿತ್ತು. ಇಂಜಿನ್ನಿನ ಹಿಡಿ ನನ್ನ ಪಕ್ಕದಲ್ಲೇ ಇತ್ತು. ಒಂದು ಸಲ ತಿರುಗಿಸಿದರೆ ಸಾಕು, ದೋಣಿ ನಿಲ್ಲುತ್ತಿತ್ತು...

ಆಗ ಗಾಳದ ಕೋಲು ಬಾಗಿತು.

ನಾಲ್ಕು ಶನಿವಾರಗಳ ಮೇಲೆ ಮೊದಲ ಸಲ. ತುದಿ ನೀರನ್ನು ಮುಟ್ಟುವಷ್ಟು ಬಾಗಿ ಗಡಗಡ ನಡುಗಿತು. ದೊಡ್ಡ ಮೀನು. ನಾನು ಕೋಲು ಹಿಡಿದೆ. ದೋಣಿ ನಿಲ್ಲಿಸಲಿಲ್ಲ.

ಮೂರನೆಯ ಸಲ ಬಂದ ದನಿಯಲ್ಲಿ ನೀರಿತ್ತು. ಬಾಯಿಯಲ್ಲಿ ನೀರು ತುಂಬಿಕೊಂಡು ಮಾತಾಡಿದಂತೆ. "ಯಣ್ಣಾ... ನಾ..."

ಪೊಲೀಸರಿಗೆ ಹೇಳದ ಮಾತನ್ನು ಇಲ್ಲಿ ಬರೆಯುತ್ತೇನೆ. ನನಗೆ ಗೊತ್ತಾಗಿತ್ತು. ಪರಶು ಕೂಸಾಗಿದ್ದಾಗಿನಿಂದ ನಾನು ಕೇಳಿದ ಅವನದೇ ದನಿ ಅದು. ಅಪ್ಪನ ಮಾತು ನೆನಪಾಗಿ ಸುಮ್ಮನಿದ್ದೆ ಎಂದರೆ ಮೊದಲ ಸಲಕ್ಕೆ ಅದು ನಿಜ. ಮೂರನೆಯ ಸಲಕ್ಕೆ ಅಲ್ಲ. ಮೀನು ತಪ್ಪಿಸಿಕೊಂಡರೆ ಪರಶು ಮತ್ತೆ ಸೌಟು ಅನ್ನುತ್ತಾನೆ. ಅದೇ ನನ್ನ ತಲೆಯಲ್ಲಿದ್ದದ್ದು. ಒಂದು ನಿಮಿಷ ತಡಿ... ಒಂದೇ ನಿಮಿಷ...

ತಲೆದೀಪದ ಬೆಳಕು ಬಿದ್ದಷ್ಟು ನೀರು ಬಿಟ್ಟರೆ ನನಗೆ ಬೇರೇನೂ ಕಾಣುತ್ತಿರಲಿಲ್ಲ. ನೋಡಬೇಕೆಂದೂ ಅನಿಸಲಿಲ್ಲ. ದಾರ ಸುತ್ತಿದೆ. ಮೀನು ಮೇಲೆ ಬಂತು. ಬೆಳಕಿಗೆ ಅದರ ಕಣ್ಣು ಗಾಜಿನ ಗೋಲಿಯಂತೆ ಹೊಳೆಯಿತು. ಕಿವಿರಿಗೆ ಬೆರಳು ತೂರಿಸಿ ಒಳಗೆ ಎಳೆದುಕೊಂಡೆ. ಮೊಳಕ್ಕಿಂತ ಉದ್ದ.

"ಈಗ ನೋಡೋ, ಯಾರ ಸೌಟು," ಎಂದು ತಲೆ ಎತ್ತಿದೆ.

ಮುಂದೆ ಯಾರೂ ಇರಲಿಲ್ಲ.

ಹಲಗೆ ಒದ್ದೆಯಾಗಿತ್ತು. ಯಾರೋ ಹಸಿ ಬಟ್ಟೆಯಲ್ಲಿ ಬಹಳ ಹೊತ್ತು ಕೂತು ಎದ್ದು ಹೋದಂತೆ, ಕೂತಷ್ಟು ಜಾಗ ಮಾತ್ರ ಒದ್ದೆ. ಕೆಸರಿನ ವಾಸನೆ ಇನ್ನೂ ಇತ್ತು.

ದೋಣಿ ತಿರುಗಿಸಿದೆ. ಕೂಗಿದೆ. ಇಂಜಿನ್ ನಿಲ್ಲಿಸಿ ಕಿವಿಗೊಟ್ಟೆ. ದೂರದ ಸೇತುವೆಯ ಮೇಲೆ ಕಾರುಗಳು ಹೋಗುವ ಸದ್ದು. ನನ್ನ ಕಾಲಬುಡದಲ್ಲಿ ಮೀನು ಪಟಪಟ ಬಡಿದುಕೊಳ್ಳುತ್ತಿತ್ತು. ಬೇರೆ ಯಾವ ಸದ್ದೂ ಇರಲಿಲ್ಲ...

ಅವನನ್ನು ಉಳಿಸಿದವನು ನಾನಲ್ಲ. ದಂಡೆಗೆ ಕಟ್ಟಿದ ದೋಣಿಮನೆಯೊಂದರಲ್ಲಿ ವಾಸವಿದ್ದ ಮುದುಕ. ಇಳಿತದ ನೀರು ಪರಶುವನ್ನು ಅವನ ಬಾಗಿಲಿಗೇ ತಂದು ಹಾಕಿತ್ತಂತೆ. ಉದ್ದನೆಯ ಕೋಲಿನ ಕೊಕ್ಕೆಯನ್ನು ಕೋಟಿಗೆ ಸಿಕ್ಕಿಸಿ ಎಳೆದುಕೊಂಡ. ನಾನು ಅಲ್ಲಿಗೆ ಮುಟ್ಟುವಾಗ ಆಂಬುಲೆನ್ಸಿನ ನೀಲಿ ದೀಪ ನೀರಿನ ಮೇಲೆ ತಿರುಗುತ್ತಿತ್ತು.

ನಾಲ್ಕನೆಯ ದಿನ ಅವನು ಕಣ್ಣು ಬಿಟ್ಟು ನನ್ನನ್ನು ಗುರುತಿಸಿದ. ಶ್ವಾಸಕೋಶಕ್ಕೆ ನೀರು ಹೋಗಿ ದನಿ ಬಿದ್ದಿತ್ತು. ತೆರೆ ಬಂದಾಗ ಕಾಲು ಬೇರೆ ಕಡೆ ಇಡಲು ಎದ್ದು, ಆಯತಪ್ಪಿ ನೀರಿಗೆ ಬಿದ್ದನಂತೆ, ಅಷ್ಟೇ. ನಾನು ಅವನ ಕೈ ಹಿಡಿದುಕೊಂಡು ಕೂತೆ.

"ಮೂರ ಸಲ ಕರದೆ," ಎಂದ.

"ಇಂಜಿನ್ ಸಪ್ಪಳಕ್ಕ ಕೇಳಿಸಲಿಲ್ಲೋ ತಮ್ಮಾ."

ಅವನು ಹೂಂ ಎಂದ. ನಂಬಿದ ಅಂದುಕೊಂಡೆ. ಹೊರಗೆ ನರ್ಸ್ ಗಾಡಿ ತಳ್ಳಿಕೊಂಡು ಹೋದಳು. ಆ ಸದ್ದು ಪೂರ್ತಿ ಅಡಗಿದ ಮೇಲೆ ಅವನು ಕೇಳಿದ:

"ನಿನ್ನ ಮುಂದ ಕುಂತಾಂವ ಯಾರು?"

"ಯಾರೂ ಇರಲಿಲ್ಲ."

"ಇದ್ದ. ನಿನ್ನ ತಲಿದೀಪದ ಬೆಳಕಿನ್ಯಾಗ ಕಂಡ. ನನ್ನ ಜಾಗಾದಾಗ ಕುಂತಿದ್ದ." ಅವನು ಉಸಿರಿಗಾಗಿ ನಿಂತ. "ನೀ ಗಾಳದ ಕೋಲಿನ ಮ್ಯಾಲೆ ಬಗ್ಗಿದ್ದಿ. ಆಗ ನಾ ಮೂರನೇ ಸಲ ಕರದೆ. ಅಂವ ಹೊಳ್ಳಿ ನನ್ನ ನೋಡಿದ."

ನಾನು ಇನ್ನೊಂದು ಕೈಯಿಂದ ಅವನ ಹೊದಿಕೆ ಸರಿಪಡಿಸಿದೆ.

"ದೋಣಿ ಆ ತುದಿಗಿದ್ದ ಅಣ್ಣಾ, ನಿನಗಿಂತ ದೂರ. ಅವಗ ಕೇಳಿಸಿತು."

ಅಷ್ಟು ಹೇಳಿ ನನ್ನ ಕೈಯಿಂದ ತನ್ನ ಕೈ ಬಿಡಿಸಿಕೊಂಡು ಗೋಡೆಯ ಕಡೆ ಹೊರಳಿದ. ದೋಣಿಯಲ್ಲಿ ಕೂತಿದ್ದವನ ಮುಖ ಹೇಗಿತ್ತು ಎಂದು ಕೇಳಬೇಕೆಂದುಕೊಂಡೆ. ಕೇಳಲಿಲ್ಲ. ಪರಶು ಈಗ ಆಮರ್ಸ್‌ಫೋರ್ಟ್ ಎಂಬ ದೂರದ ಊರಿನಲ್ಲಿದ್ದಾನೆ. ನಾನು ಫೋನ್ ಮಾಡುತ್ತೇನೆ. ಅದು ತುದಿಯವರೆಗೆ ಬಡಿದುಕೊಂಡು ನಿಲ್ಲುತ್ತದೆ...