ಕಸ್ಟಮ್ಸ್‌ನವರು ಹಿಡಿದಿಟ್ಟ ಬಾಣಂತಿ ಕತ್ತಿ

ನಮ್ಮ ಮನೆಯಲ್ಲಿ ಒಂದು ಕತ್ತಿ ಇದೆ. ತರಕಾರಿ ಹೆಚ್ಚುವುದಕ್ಕಲ್ಲ. ಹೆರಿಗೆಯಾದ ಮನೆಗೆ ಹೋಗಿ, ಬಾಣಂತಿಯ ಹಾಸಿಗೆಯಡಿ ಮಗುವಿನ ತಲೆಯ ಬದಿಯಲ್ಲಿದ್ದು, ಮಗುವಿಗೆ ನಲವತ್ತು ದಿನ ಕಳೆದ ಮೇಲೆ ವಾಪಸು ಬರುವ ಕತ್ತಿ. ಉದ್ದ ಒಂದು ಗೇಣಿಗಿಂತ ಕಡಿಮೆ. ಯಾವ ಕಾಲದ್ದೋ ಒಂದು ಮುರಿದ ಖಡ್ಗದ ತುದಿಗೆ ಕುಂಬಳೆಯ ಆಚಾರಿಯೊಬ್ಬ ಹಿಡಿ ಹಾಕಿ ಕೊಟ್ಟದ್ದಂತೆ. ಹಾಗಾಗಿ ಅದಕ್ಕೆ ಎರಡೂ ಬದಿ ಬಾಯಿ, ಕೊಯ್ಯುವ ಅಂಚು. ಮಸೆಯುವ ಕ್ರಮವಿಲ್ಲ. ಅದರಲ್ಲಿ ಬಾಳೆಹಣ್ಣು ಕೂಡ ನೆಟ್ಟಗೆ ತುಂಡಾಗುವುದಿಲ್ಲ.

ಸೀತಾಂಗೋಳಿಯ ಸುತ್ತ ಯಾರು ಕೇಳಿದರೂ ಕೊಟ್ಟಿದ್ದೇವೆ. ನಮ್ಮವರು, ಕ್ರಿಸ್ತಾನರು, ಬ್ಯಾರಿಗಳು ಎಂದು ನೋಡಿದ್ದಿಲ್ಲ. ಕೊಂಡುಹೋದ ಬಟ್ಟೆಯಲ್ಲೇ ಸುತ್ತಿ ತಂದುಕೊಡಬೇಕು, ಅಷ್ಟೇ ಕಟ್ಟಳೆ.

ಕಬ್ಬಿಣವಿದ್ದಲ್ಲಿ ಕೆಟ್ಟದ್ದು ಮಗುವಿನ ಹತ್ತಿರ ಸುಳಿಯುವುದಿಲ್ಲ ಎಂಬುದನ್ನೆಲ್ಲ ನಂಬುತ್ತೀರಾ ಎಂದು ಕೇಳುವವರಿದ್ದಾರೆ. ನಾನು ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ನನ್ನ ತಾಯಿಗೆ ನನಗಿಂತ ಮೊದಲು ಒಂದು ಹುಟ್ಟಿತ್ತು. ಆಗ ಕತ್ತಿ ಬೇರೆ ಮನೆಗೆ ಹೋಗಿತ್ತು. ಮಗು ಉಳಿಯಲಿಲ್ಲ. ನಾನು ಹುಟ್ಟುವಾಗ ಕತ್ತಿ ಮನೆಯಲ್ಲಿತ್ತು. ನಾನು ಇನ್ನೂ ಇದ್ದೇನೆ. ನನಗೆ ಗೊತ್ತಿರುವುದು ಇಷ್ಟು.

ನನ್ನ ಮೊಮ್ಮಗಳು ಗಲ್ಫಿನಲ್ಲಿ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಾಳೆ. ಗಂಡನೂ ಅಲ್ಲೇ. ಮೊದಲ ಹೆರಿಗೆಗೆ ಇಲ್ಲಿಂದ ಯಾರಿಗೂ ಹೋಗಲಾಗಲಿಲ್ಲ. ನಲವತ್ತು ತುಂಬುವ ಮೊದಲೇ ಒಂದು ದಿನ ಮುಸ್ಸಂಜೆಗೆ ಮಲಗಿಸಿದ ಮಗು ಏಳಲಿಲ್ಲ. ಕಾಯಿಲೆಯಿಲ್ಲ, ಜ್ವರವಿಲ್ಲ. ಕೆಲವು ಮಕ್ಕಳಿಗೆ ಹೀಗಾಗುತ್ತದೆ, ಕಾರಣ ಹೇಳಲು ಬರುವುದಿಲ್ಲ ಎಂದರಂತೆ ಡಾಕ್ಟರು. ಅವಳು ಅತ್ತದ್ದು ನಾನು ಕೇಳಲಿಲ್ಲ. ಫೋನಿನಲ್ಲಿ ಒಂದೇ ಮಾತು ಹೇಳಿದ್ದಳು: "ಅಜ್ಜಿ, ಅದು ಯಾವಾಗ್ಲೂ ಮೂಲೆ ನೋಡ್ತಿತ್ತು."

ಎರಡನೆಯದು ಹೊಟ್ಟೆಯಲ್ಲಿ ನಿಂತಾಗ ಅವಳೇ ಕರೆದಳು. ಅವಳ ತಾಯಿ, ಅಂದರೆ ನನ್ನ ಮಗಳು, ಸೊಂಟದ ಆಪರೇಷನ್ ಆಗಿ ಮಲಗಿದಲ್ಲೇ ಇದ್ದಳು.

"ಅಜ್ಜಿ, ಬಾಣಂತನಕ್ಕೆ ನೀವೇ ಬರ್ಬೇಕು. ಆ ಕತ್ತಿ ತರ್ಬೇಕು."

"ನಿನ್ನ ಆಸ್ಪತ್ರೆಯಲ್ಲಿ ಅಷ್ಟು ಮೆಷಿನ್ ಉಂಟಲ್ಲ ಮಾರಾಯ್ತಿ. ಕತ್ತಿ ಎಂತಕ್ಕೆ?"

"ಮೆಷಿನ್ ಕಳೆದ ಸಲವೂ ಇತ್ತು ಅಜ್ಜಿ."

ತರುತ್ತೇನೆ ಎಂದೆ.

ಅವಳ ಗಂಡ ಮೊಬೈಲಿನಲ್ಲಿ ಕಾನೂನು ನೋಡಿ ಹೇಳಿದ. ಕೈಚೀಲದಲ್ಲಿ ಕತ್ತಿ ತರಬಾರದು, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿ ಕಳಿಸಬಹುದು; ಅಡುಗೆಯ ಕತ್ತಿಗೆ ಆ ದೇಶದಲ್ಲಿ ಅಡ್ಡಿಯಿಲ್ಲ. ಉದ್ದ ಕೇಳಿದ. ಹೇಳಿದೆ. ಎಷ್ಟು ಬಾಯಿ ಎಂದು ಅವನು ಕೇಳಲಿಲ್ಲ. ಅದನ್ನು ಹೇಳಬೇಕೆಂದು ನನಗೂ ಹೊಳೆಯಲಿಲ್ಲ. ಕತ್ತಿಯ ಬಾಯಿ ಲೆಕ್ಕ ಮಾಡುವ ಸರಕಾರ ಇದೆಯೆಂದು ಯಾರಿಗೆ ಗೊತ್ತು?

ಅಲ್ಲಿ ಇಳಿದಾಗ ನನ್ನ ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೀಟು ಎಳೆದಿದ್ದರು. ಗೀಟಿದ್ದವರು ಎಲ್ಲರ ಹಾಗೆ ಬಾಗಿಲಿಗೆ ಹೋಗುವಂತಿಲ್ಲ, ಬದಿಯ ಮೇಜಿಗೆ ಹೋಗಬೇಕು. ಮೇಜಿನ ಹಿಂದೆ ತಲೆಗೆ ಕಪ್ಪು ಬಟ್ಟೆ ಸುತ್ತಿದ ಒಬ್ಬಳು ಅಧಿಕಾರಿ. ಪೆಟ್ಟಿಗೆ ತೆರೆದಳು. ಬಾಣಂತಿ ಲೇಹ ಮೂಸಿದಳು, ಎಣ್ಣೆ ಅಲುಗಾಡಿಸಿದಳು, ಅವಕ್ಕೆ ಏನೂ ಹೇಳಲಿಲ್ಲ. ಹಳೆ ಸೀರೆಯ ಅರಶಿನದ ಬಟ್ಟೆ ಬಿಚ್ಚಿ ಕತ್ತಿ ನೋಡಿದಾಗ ಕೈ ಹಿಂದೆಗೆದಳು. ಏನೋ ಕೇಳಿದಳು. ನನಗೆ ಅವಳ ಭಾಷೆ ತಿಳಿಯದು, ಅವಳಿಗೆ ನನ್ನದು ತಿಳಿಯದು. ಆಗ ಟ್ರಾಲಿ ದೂಡುತ್ತಿದ್ದ ಒಬ್ಬನನ್ನು ಕರೆದಳು. ನರೆತ ಗಡ್ಡದ ಬ್ಯಾರಿ. ನಮ್ಮ ಊರಿನ ಹತ್ತಿರದ ಬಂದ್ಯೋಡಿನವನಂತೆ.

"ಅಜ್ಜಿ, ಇದು ಎಂತದ್ದು ಅಂತ ಕೇಳ್ತಾರೆ."

"ಕತ್ತಿ. ಕಣ್ಣು ಕಾಣುದಿಲ್ವಾ ಅವರಿಗೆ?"

"ಕಾಣುದಕ್ಕೇ ಕೇಳುದು ಅಜ್ಜಿ. ಒಂದು ಬದಿ ಬಾಯಿ ಇದ್ರೆ ಅಡುಗೆದ್ದು, ಬಿಡ್ತಾರೆ. ಎರಡೂ ಬದಿ ಇದ್ರೆ ಅಡುಗೆಗೆ ಅಲ್ಲ, ಮನುಷ್ಯರಿಗೆ ಹಾಕ್ಲಿಕ್ಕೆ ಮಾಡಿದ್ದು ಅಂತ ಲೆಕ್ಕ. ಬಟನ್ ಒತ್ತಿದ್ರೆ ಹೊರಗೆ ಹಾರುವಂಥದ್ದು, ದೊಣ್ಣೆ ಒಳಗೆ ಅಡಗಿಸುವಂಥದ್ದು, ಮತ್ತೆ ಇಂಥದ್ದು. ಇದೆಲ್ಲ ಇಲ್ಲಿ ಒಳಗೆ ಬರ್ಲಿಕ್ಕಿಲ್ಲ."

"ಇದು ಮನುಷ್ಯರಿಗೆ ಅಲ್ಲ ಅಂತ ಹೇಳು."

ಅವನು ಹೇಳಲು ಬಾಯಿ ತೆರೆದವನು ನಿಲ್ಲಿಸಿದ. "ಮತ್ತೆ ಯಾರಿಗೆ ಅಂತ ಕೇಳಿದ್ರೆ ನಾನು ಎಂತ ಹೇಳುದು?"

"ಮಗುವಿನ ತಲೆಯ ಹತ್ರ ಇಡ್ಲಿಕ್ಕೆ ಅನ್ನು."

ಅವನು ತಗ್ಗಿದ ಸ್ವರದಲ್ಲಿ ಹೇಳಿದ. ಅವಳು ನನ್ನನ್ನು ನೋಡಿದಳು, ಕತ್ತಿಯನ್ನು ನೋಡಿದಳು. ನಗುತ್ತಾಳೆ ಎಂದುಕೊಂಡಿದ್ದೆ. ನಗಲಿಲ್ಲ. ಆದರೂ ಕಾನೂನು ಕಾನೂನೇ. ಮುರಿದು ಎಸೆಯಲು ಒಪ್ಪುತ್ತೀರಾ, ಅಥವಾ ಇಲ್ಲಿಟ್ಟು ಹೋಗಿ ಊರಿಗೆ ಮರಳುವಾಗ ಕೊಂಡುಹೋಗುತ್ತೀರಾ ಎಂದು ಕೇಳಿಸಿದಳು. ಇಡಿ ಎಂದೆ. ಅಳೆದಳು. ಎರಡೂ ಬದಿಯ ಬಾಯಿಗೆ ಹೆಬ್ಬೆರಳು ಎಳೆದು ನೋಡಿದಳು. ಹತ್ತಿರದಿಂದ ಫೋಟೋ ತೆಗೆದು, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಸೀಲ್ ಒತ್ತಿದಳು. ನನಗೊಂದು ಚೀಟಿ ಕೊಟ್ಟಳು. ಬಟ್ಟೆಯನ್ನು ಮಡಚಿ ಕೈಗೆ ಕೊಟ್ಟಳು. ಬಟ್ಟೆಗೆ ಕಾನೂನಿಲ್ಲ.

ಮನೆಯ ಬಾಗಿಲಲ್ಲೇ ಮೊಮ್ಮಗಳು ಕೇಳಿದಳು. ತುಂಬಿದ ಬಸುರಿ, ಕಾಲೆಲ್ಲ ನೀರು ಬಾತಿತ್ತು. "ಅಜ್ಜಿ, ಕತ್ತಿ ಬಂತಾ?"

"ಬಂತು" ಎಂದೆ. ಬೇರೆ ಏನು ಹೇಳಬೇಕಿತ್ತು?

ಅವಳ ಅಡುಗೆಮನೆಯಲ್ಲಿ ಕಬ್ಬಿಣದ ತುಂಡು ಸಿಗುತ್ತದೆಯೇ ಎಂದು ಹುಡುಕಿದೆ. ಎಲ್ಲ ಸ್ಟೀಲು, ಇಲ್ಲದಿದ್ದರೆ ಪ್ಲಾಸ್ಟಿಕ್ಕು. ಮರುದಿನ ದೊಡ್ಡ ಅಂಗಡಿಗೆ ಕರೆದುಕೊಂಡುಹೋದರು. ಅಲ್ಲಿ ಮೊಳದುದ್ದದ ಕತ್ತಿಗಳನ್ನು ಸಾಲಾಗಿ ತೂಗುಹಾಕಿದ್ದರು. ಯಾರು ಬೇಕಾದರೂ ಕೊಳ್ಳಬಹುದು, ಯಾವ ಅಧಿಕಾರಿಯೂ ಕೇಳುವುದಿಲ್ಲ. ಅವೂ ಸ್ಟೀಲೇ. ಬಾಳೆಹಣ್ಣು ಕತ್ತರಿಸದ ನನ್ನ ಕತ್ತಿ ಮಾತ್ರ ಜೈಲಿನಲ್ಲಿ. ಕೊನೆಗೆ ಅರಶಿನದ ಬಟ್ಟೆಯೊಳಗೆ ಸಾಂಬಾರು ಬಡಿಸುವ ದೊಡ್ಡ ಚಮಚವನ್ನು ಇಟ್ಟು, ಮೂರು ಗಂಟು ಹಾಕಿದೆ. ಮಗು ಆಸ್ಪತ್ರೆಯಿಂದ ಬಂದ ದಿನ ಅದನ್ನು ಹಾಸಿಗೆಯಡಿ ಸಿಕ್ಕಿಸಿದೆ. ಮೊಮ್ಮಗಳು ಹೊರಗಿನಿಂದ ಗಂಟು ಮುಟ್ಟಿ ನೋಡಿ ಕಣ್ಣು ಮುಚ್ಚಿದಳು. ಅಂದು ಅವಳಿಗೆ ನಿದ್ದೆ ಬಂತು. ನನಗೆ ಬರಲಿಲ್ಲ.

ಆ ಮನೆ ಬಹಳ ಎತ್ತರದಲ್ಲಿತ್ತು. ಕಾಗೆ ಇಲ್ಲ, ನಾಯಿ ಇಲ್ಲ, ಮರದ ಎಲೆಯ ಸದ್ದಿಲ್ಲ. ಕಿಟಕಿಗಳು ತೆರೆಯುವಂಥವಲ್ಲ, ಬರೀ ಗಾಜು. ಒಳಗೆ ಬಂದದ್ದು ಹೊರಗೆ ಹೋಗಬೇಕಾದರೆ ಎಲ್ಲಿಂದ ಹೋಗಬೇಕು ಎಂದು ನಾನು ಮೊದಲ ದಿನವೇ ಯೋಚಿಸಿದ್ದೆ.

ಮಗು ಹೆಣ್ಣು. ಗಟ್ಟಿಮುಟ್ಟು. ಹಗಲಿಡೀ ಕುಡಿಯುತ್ತಿತ್ತು, ಮಲಗುತ್ತಿತ್ತು. ಮುಸ್ಸಂಜೆ ಮಸೀದಿಯ ಬಾಂಗು ಕೇಳಿದ ಮೇಲೆ ಮಾತ್ರ ಕಣ್ಣು ಅಗಲ ಮಾಡಿ ಕಪಾಟಿನ ಮೇಲಿನ ಮೂಲೆ ನೋಡುತ್ತಿತ್ತು. ನೋಡುವುದೆಂದರೆ, ಅಷ್ಟು ಸಣ್ಣ ಮಕ್ಕಳಿಗೆ ದೂರದ್ದು ಕಾಣುವುದಿಲ್ಲ. ಎಷ್ಟೋ ಮಕ್ಕಳನ್ನು ಮೀಯಿಸಿದವಳು ನಾನು, ಬಲ್ಲೆ. ಇದು ಕಾಣುವವರ ಹಾಗೆ ನೋಡುತ್ತಿತ್ತು. ಒಮ್ಮೊಮ್ಮೆ ನಗುತ್ತಿತ್ತು. ಅಳುವುದಕ್ಕಿಂತ ಆ ನಗುವೇ ನನಗೆ ಆಗುತ್ತಿರಲಿಲ್ಲ. ಆ ಹೊತ್ತಿಗೆ ನಾನು ಮೂಲೆಗೆ ಎದುರಾಗಿ ಕುರ್ಚಿ ಹಾಕಿ ಕೂರುತ್ತಿದ್ದೆ. ಕತ್ತಿಯ ಜಾಗದಲ್ಲಿ ನಾನು.

"ಅಜ್ಜಿ, ಟಿವಿಯಾದ್ರೂ ನೋಡಿ, ಗೋಡೆ ನೋಡ್ಕೊಂಡು ಕೂತ್ಕೊಳ್ಳುದು ಯಾಕೆ?" ಎಂದು ಮೊಮ್ಮಗಳ ಗಂಡ ನಗಾಡುತ್ತಿದ್ದ.

"ನಿನ್ನ ಟಿವಿಗಿಂತ ಇದು ಆಗಬಹುದು" ಎನ್ನುತ್ತಿದ್ದೆ.

ಮೊದಲ ಮಗು ಎಷ್ಟು ದಿನದ್ದಾಗಿ ಹೋಗಿತ್ತೋ ಇದಕ್ಕೂ ಅಷ್ಟೇ ಆದ ದಿನ ಬಂತು. ಮೊಮ್ಮಗಳು ಬೆಳಗಿನಿಂದ ಮಗುವನ್ನು ಕೆಳಗಿಡಲಿಲ್ಲ. ಸಂಜೆ ನಾನೇ ಗದರಿಸಿ ಸ್ನಾನಕ್ಕೆ ಕಳಿಸಿದೆ. ಮಗುವನ್ನು ಹಾಸಿಗೆಯಲ್ಲಿ ಮಲಗಿಸಿ ಕುರ್ಚಿಯಲ್ಲಿ ಕೂತೆ.

ಬಾಂಗು ಮುಗಿಯಿತು. ಮಗು ಮೂಲೆ ನೋಡಿತು. ಆಮೇಲೆ ಅದರ ಕಣ್ಣು ಮೆಲ್ಲಗೆ ಇಳಿಯಿತು. ಕಪಾಟಿನ ಬಾಗಿಲು, ಅದರ ಹಿಡಿ, ನೆಲ, ಮಂಚದ ಕಾಲು. ಅಲ್ಲಿ ನಿಂತಿತು. ಅದರ ಹೊಟ್ಟೆ ಏರಿಳಿಯುವುದು ನಿಂತಿತು. ಎಸಿಯ ಸದ್ದೂ ನಿಂತಿತು. ಆ ಊರಿನಲ್ಲಿ ಕರೆಂಟು ಹೋಗುವುದೆಂಬುದಿಲ್ಲ. ಕಬ್ಬಿಣ ಬಿಸಿಲಿಗೆ ಕಾದಾಗ ಬರುವಂಥ ಒಂದು ವಾಸನೆ ಬಂತು.

ನನಗೆ ಮಂತ್ರ ಬಾರದು. ಬೈಯಲು ಬರುತ್ತದೆ. "ಎಂತ ಬೇಕು ನಿನಗೆ? ಒಂದನ್ನು ಕೊಂಡುಹೋಗಿ ಆಗಲಿಲ್ವಾ? ಇಲ್ಲಿ ನಿನ್ನದು ಎಂತದ್ದೂ ಇಲ್ಲ. ಹೋಗು!" ಎಂದೆ. ಕುರ್ಚಿಯ ಕೈ ಹಿಡಿದು ಏಳಲು ಹೊರಟೆ.

ಮಂಚದ ಕಾಲ ಬಳಿ ಠಣ್ ಎಂದು ಒಂದು ಸದ್ದಾಯಿತು. ಕತ್ತಿ ಕಲ್ಲಿಗೆ ತಾಗಿದ ಸದ್ದು. ಮಗು ಮನೆ ಹಾರಿಹೋಗುವಂತೆ ಕಿರುಚಿತು.

ಮೊಮ್ಮಗಳು ಒದ್ದೆ ಕೂದಲಲ್ಲೇ ಓಡಿಬಂದು ಮಗುವನ್ನು ಎತ್ತಿಕೊಂಡಳು. ಹಾಸಿಗೆ ನೋಡಿ ನನಗೇ ಬೈದಳು.

"ಎಂತ ಅಜ್ಜಿ ಇದು, ಕತ್ತಿ ಬಿಚ್ಚಿ ಮಗುವಿನ ಬದಿಗೇ ಇಟ್ಟಿದ್ದೀರಲ್ಲ? ತಾಗಿದ್ರೆ ಎಂತ ಗತಿ?"

ಅವಳ ಬೆನ್ನು ನನಗೆ ಅಡ್ಡವಿತ್ತು. ಒಂದು ಕೈಯಲ್ಲಿ ಏನನ್ನೋ ಎತ್ತಿ, ಬಟ್ಟೆ ಸುತ್ತಿ, ಹಾಸಿಗೆಯಡಿ ತುರುಕಿದಳು. ಅವಳು ಎತ್ತಿದ್ದು ಏನೆಂದು ನಾನು ಕಾಣಲಿಲ್ಲ. ಅವಳು ಹಾಲು ಕೊಡಲು ಆಚೆ ಕೋಣೆಗೆ ಹೋದ ಮೇಲೆ ಕೈ ಹಾಕಿ ತೆಗೆದೆ. ಬಟ್ಟೆಗೆ ಗಂಟಿರಲಿಲ್ಲ, ಬರೀ ಸುತ್ತಿತ್ತು. ಒಳಗೆ ಚಮಚ. ಎಸಿ ಮತ್ತೆ ಓಡುತ್ತಿತ್ತು.

ಚಮಚವನ್ನು ಅವಳು ಕತ್ತಿಯೆಂದು ಭ್ರಮಿಸಿರಬಹುದು, ಗಾಬರಿಯಲ್ಲಿದ್ದಳು. ಸಣ್ಣದಿರುವಾಗ ಆ ಕತ್ತಿಯನ್ನು ಎಷ್ಟೋ ಸಲ ಕೈಯಲ್ಲಿ ಹಿಡಿದವಳು ಅವಳು ಎಂಬುದೂ ಹೌದು. ಆ ದಿನದ ನಂತರ ಮಗು ಮೂಲೆ ನೋಡಲಿಲ್ಲ.

ನಲವತ್ತು ಮುಗಿಸಿ ಊರಿಗೆ ಹೊರಟೆ. ವಿಮಾನ ನಿಲ್ದಾಣದಲ್ಲಿ ಚೀಟಿ ತೋರಿಸಿದಾಗ ಅದೇ ಹೆಂಗಸು ಬಂದಳು. ಟ್ರಾಲಿಯ ಬಂದ್ಯೋಡಿನವನನ್ನೂ ಕರೆಸಿದರು. ಸೀಲ್ ಹಾಗೆಯೇ ಇತ್ತು. ನನಗೂ ತೋರಿಸಿ, ಕತ್ತರಿಯಲ್ಲಿ ಕತ್ತರಿಸಿ ಕತ್ತಿ ತೆಗೆದಳು. ಕಂಪ್ಯೂಟರಿನಲ್ಲಿದ್ದ ಫೋಟೋ ನೋಡಿದಳು, ಕತ್ತಿ ನೋಡಿದಳು, ಮತ್ತೆ ಫೋಟೋ ನೋಡಿದಳು. ಇನ್ನೊಬ್ಬ ಅಧಿಕಾರಿಯನ್ನು ಕೂಗಿದಳು. ಅವರಿಬ್ಬರ ದನಿ ಏರಿತು.

"ಎಂತ ಅಂತೆ?" ಎಂದು ಕೇಳಿದೆ.

"ತೆಗೆದಿಟ್ಟದ್ದು ಹೇಗಿತ್ತೋ ಹಾಗೇ ವಾಪಸು ಕೊಡ್ಬೇಕು ಅಂತ ರೂಲ್ ಅಜ್ಜಿ. ಇದು ಹಾಗಿಲ್ಲ. ಇಲ್ಲಿ ನೋಡಿ."

ಬಾಯಿಯ ಒಂದು ಬದಿಯಲ್ಲಿ, ತುದಿಗಿಂತ ಸ್ವಲ್ಪ ಕೆಳಗೆ, ಅಕ್ಕಿಕಾಳಿನಷ್ಟು ಕಚ್ಚು. ಒಳಗಿನ ಕಬ್ಬಿಣ ಹೊಸದಾಗಿ ಹೊಳೆಯುತ್ತಿತ್ತು. ಆ ಕತ್ತಿಯನ್ನು ನಾನು ಕಣ್ಣು ಮುಚ್ಚಿ ಬಲ್ಲೆ. ಆ ಕಚ್ಚು ಇರಲಿಲ್ಲ. ಫೋಟೋದಲ್ಲೂ ಇರಲಿಲ್ಲ.

"ಇವರಿಗೆ ಹೆದರಿಕೆ, ನೀವು ಕಂಪ್ಲೇಂಟ್ ಕೊಡ್ತೀರಿ ಅಂತ" ಎಂದ ಅವನು. ಮತ್ತೆ ದನಿ ತಗ್ಗಿಸಿ, "ಕಪಾಟಿಗೆ ಬೀಗ ಉಂಟು ಅಜ್ಜಿ. ಯಾರೂ ಮುಟ್ಟಲಿಲ್ಲ. ಬಿದ್ದು ಆದದ್ದೂ ಅಲ್ಲ, ಬಿದ್ರೆ ತುದಿ ಬಗ್ಗಬೇಕಿತ್ತು. ಇದು ಹೊಡೆದ ಹಾಗೆ ಉಂಟು."

"ಹೌದು."

"ಯಾರಿಗೆ?"

"ಕಂಪ್ಲೇಂಟ್ ಇಲ್ಲ ಅಂತ ಹೇಳು ಮಾರಾಯ. ಎಲ್ಲಿ ಬೇಕೋ ಅಲ್ಲಿ ಸೈನ್ ಹಾಕ್ತೇನೆ."

ಸೈನ್ ಹಾಕಿದೆ. ಅವಳು ಕತ್ತಿಯನ್ನು ನನ್ನ ಅರಶಿನದ ಬಟ್ಟೆಯಲ್ಲಿ ತಾನೇ ಸುತ್ತಿದಳು. ನಮ್ಮವರು ಸುತ್ತುವ ಹಾಗೆಯೇ, ಹಿಡಿ ಹೊರಗೆ ಬಿಟ್ಟು. ಪೆಟ್ಟಿಗೆಯಲ್ಲಿ ಹಾಕಿ ಕಳಿಸಿದರು. ಮಂಗಳೂರಿನಲ್ಲಿ ಯಾರೂ ಏನನ್ನೂ ಕೇಳಲಿಲ್ಲ.

ಈಗ ಕತ್ತಿ ಬಂದ್ಯೋಡಿನಲ್ಲಿದೆ. ಆ ಟ್ರಾಲಿಯವನ ಮಗಳಿಗೆ ಹೆರಿಗೆಯಾಗಿದೆ. ಅವನು ರಜೆಯಲ್ಲಿ ಬಂದವನು ಮನೆ ಹುಡುಕಿಕೊಂಡು ಬಂದು ಕೇಳಿದ. ಕೊಟ್ಟೆ.

ಮೊಮ್ಮಗಳು ಮೊನ್ನೆ ವಿಡಿಯೋ ಕಾಲ್ ಮಾಡಿದ್ದಳು. ಮಗು ಅಂಬೆಗಾಲಿಡುತ್ತಿದೆ. ಅವಳು ಮಗುವನ್ನು ತೋರಿಸುವಾಗ ನಾನು ಹಿಂದಿನ ಕಪಾಟಿನ ಮೇಲಿನ ಮೂಲೆ ನೋಡಿದೆ. ಏನೂ ಇರಲಿಲ್ಲ.

"ಅಜ್ಜಿ, ನೀವು ಹೋದ ಮೇಲೆ ಸಾಂಬಾರಿನ ದೊಡ್ಡ ಚಮಚ ಕಾಣುದಿಲ್ಲ. ಎಲ್ಲಿ ಇಟ್ಟಿದ್ದೀರಿ?"

"ನನಗೆ ಹೇಗೆ ಗೊತ್ತು? ಇನ್ನೊಂದು ತಕ್ಕೊ."

ಅದು ನನ್ನ ಪೆಟ್ಟಿಗೆಯಲ್ಲಿದೆ. ಬಡಿಸುವುದಕ್ಕೆ ತೆಗೆಯುವುದಿಲ್ಲ.